ಕಾಪಿಡುವುದಕ್ಕೆ ಇನ್ನೊಂದು ಪದ

ಚಳಿಗಾಲದ ಮೊದಲ ದಿನ, ಶನಿವಾರ
ಅಡುಗೆಮನೆಯ ಮೇಜಿನಿಂದ, ಮಧ್ಯಾಹ್ನ

ಪ್ರೀತಿಯ ಅಣ್ಣ ಕೇತಿಲ್‌ಗೆ,

ಕಡಲಿನ ಎಣ್ಣೆ ಬಾವಿಯಲ್ಲಿ ನಿನ್ನ ಪಾಳಿ ಮುಗಿದು ನೀನು ದಡಕ್ಕೆ ಬರುವ ವಾರ ಇದೇ ಇರಬೇಕು ಎಂದು ಅಂದಾಜು ಮಾಡಿ ನಾರ್ವೆಯ ಸ್ಟಾವಾಂಗರಿನ ಮನೆಗೇ ಬರೆಯುತ್ತಿದ್ದೇನೆ. ಕಡಲು ನಿನ್ನನ್ನು ತೀರಾ ಕುಲುಕಾಡಿಸಿಲ್ಲ, ಬೆನ್ನುನೋವು ಮರಳಿಲ್ಲ ಎಂದುಕೊಂಡಿದ್ದೇನೆ. ಇದು ನಿನ್ನ ಹುಟ್ಟುಹಬ್ಬಕ್ಕೆ ಬರಬೇಕಿದ್ದ ಕಾಗದ. ಆಗಸ್ಟಿನಲ್ಲೇ ಶುರು ಮಾಡಿದ್ದೆ. ‘ಅಪ್ಪ ಚೆನ್ನಾಗಿದ್ದಾನೆ’ ಎಂದು ಬರೆಯಬೇಕಾದ ಸಾಲಿನ ಹತ್ತಿರ ಬಂದು ನಿಂತುಬಿಟ್ಟೆ. ಮತ್ತೊಂದು ಹಾಳೆ ತೆಗೆದುಕೊಂಡೆ, ಅದೂ ಅಲ್ಲಿಗೇ ಬಂದು ನಿಂತಿತು. ತಡವಾದದ್ದಕ್ಕೆ ಬೈದುಕೊಳ್ಳಬೇಡ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ‘ಸರಿ, ಸರಿ’ ಅನ್ನುತ್ತೀಯ, ನಾನೂ ‘ಸರಿ’ ಅಂದು ಇಟ್ಟುಬಿಡುತ್ತೇನೆ. ನನಗೆ ಬಾಯಿಗಿಂತ ಕೈಯೇ ಒಳ್ಳೆಯದು, ನಿನಗೆ ಗೊತ್ತು.

ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ: ನೀನು ಬರಬೇಕು. ಕ್ರಿಸ್‌ಮಸ್‌ಗೆ ಅಲ್ಲ, ಈಗ. ಅಪ್ಪನಿಗೆ ಮೈಮೇಲೆ ಎಚ್ಚರವಿದ್ದು ಮಾತಾಡುವ ಹೊತ್ತು ದಿನೇ ದಿನೇ ಕಡಿಮೆಯಾಗುತ್ತಿದೆ.

ಇನ್ನು ಸುದ್ದಿ. ನಿನ್ನೆ ಬೆಟ್ಟದ ಬಯಲಿನ ಮೇಲೆ ಮೊದಲ ಹಿಮ ಬಿತ್ತು. ರೇಕ್ಯಾವಿಕ್ ರಸ್ತೆ ಬೆಳಗ್ಗೆ ಮುಚ್ಚಿತ್ತು, ಈಗ ತೆರೆದಿದ್ದಾರೆ. ಸೆಪ್ಟೆಂಬರಿನಲ್ಲಿ ಎಲ್ಲರೂ ಬೆಟ್ಟದಿಂದ ಕುರಿ ಇಳಿಸಿದರೂ ನಾಲ್ಕೈದು ಕುರಿಗಳು ಸಿಕ್ಕಿರಲಿಲ್ಲ. ಅವು ಎಲ್ಲಿ ಸಿಕ್ಕವು ಗೊತ್ತೇ? ನಾನು ಕೆಲಸ ಮಾಡುವ ಕಂಪನಿಯ ಬಿಸಿ ಕೊಳವೆಗೆ ಬೆನ್ನು ಒತ್ತಿಕೊಂಡು, ಪಿಂಚಣಿ ಬಂದ ಮುದುಕಿಯರ ಹಾಗೆ ಸಾಲಾಗಿ ನಿಂತಿದ್ದವಂತೆ. ಚಳಿಗಾಲದ ಮೊದಲ ದಿನವಲ್ಲವೇ, ಇವತ್ತು ಊರೆಲ್ಲ ಮಾಂಸದ ಸಾರಿನ ವಾಸನೆ. ನಾನೂ ಇಟ್ಟಿದ್ದೇನೆ, ಕುರಿಯ ಕುತ್ತಿಗೆ ಮಾಂಸ ಹಾಕಿ, ನೀನು ತಿನ್ನದೆ ಎತ್ತಿಡುತ್ತಿದ್ದ ಗಡ್ಡೆಕೋಸನ್ನೂ ಬಿಡದೆ. ಅಪ್ಪ ಎರಡು ಚಮಚ ಕುಡಿದು, “ನಿಮ್ಮಮ್ಮ ಮಾಡ್ತಿದ್ದದ್ದಕ್ಕಿಂತ ನೀರು ಜಾಸ್ತಿ” ಎಂದ. ಹಾಗಾದರೆ ಇಷ್ಟವಾಗಿದೆ ಎಂದೇ ಅರ್ಥ. ಅಮ್ಮನ ಉಡುಪಿನ ಬೆಳ್ಳಿ ಡಾಬು ಮೊದಲು ತಿಂಗಳಿಗೊಮ್ಮೆ ಕಪ್ಪಾಗುತ್ತಿತ್ತಲ್ಲ, ಈಗ ಹಾಗಾಗುವುದಿಲ್ಲ. ಬೆಟ್ಟದ ಬಿಸಿಯಾವಿಯ ಜೊತೆ ಬಂದು ಬೆಳ್ಳಿ ಕಪ್ಪಾಗಿಸುತ್ತಿದ್ದ ಆ ಕೊಳೆತ ಮೊಟ್ಟೆ ವಾಸನೆಯ ಗಾಳಿಯನ್ನೂ ಈಗ ಕಂಪನಿಯವರು ನೆಲದೊಳಕ್ಕೇ ಕಳಿಸುತ್ತಾರೆ. ಅಪ್ಪ ಬಂದವರಿಗೆಲ್ಲ ಆ ಡಾಬನ್ನು ತೋರಿಸುತ್ತಾನೆ, ತಾನೇ ತಿಕ್ಕಿ ಬೆಳಗಿದವನ ಹಾಗೆ.

ನನ್ನ ಕೆಲಸದ ಬಗ್ಗೆ ನೀನು ಕೇಳಿದ್ದೆ. ಸಾಹಿತ್ಯ ಓದಿದವಳಿಗೆ ಗ್ಯಾಸ್ ಕಂಪನಿಯಲ್ಲಿ ಏನು ಕೆಲಸ ಎಂದು ನಗಬೇಡ. ಅವರು ಬರೆದದ್ದನ್ನು ಜನ ಓದುವ ಭಾಷೆಗೆ ತರುವುದು, ತಪ್ಪು ತಿದ್ದುವುದು, ನೋಡಲು ಬಂದ ಶಾಲಾ ಮಕ್ಕಳಿಗೆ ಕರಪತ್ರ ಬರೆಯುವುದು. ಮೊದಲ ದಿನ ಎಂಜಿನಿಯರುಗಳು ವಿವರಿಸಿದ್ದು ನನಗೆ ತಲೆಗೆ ಹತ್ತಲಿಲ್ಲ. ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅಪ್ಪ ಸೋಡಾ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. “ಇದೇ. ಇಂಗಾಲದ ಗಾಳಿನ ನೀರಲ್ಲಿ ಕರಗಿಸ್ತೀವಿ. ಸೋಡಾ ಆಯ್ತಾ? ಆ ಸೋಡಾನ ಬೋರಿನಲ್ಲಿ ಕೆಳಗೆ ಬಿಡ್ತೀವಿ. ಕೆಳಗೆ ಏನಿದೆ? ಹಳೇ ಲಾವಾ, ಕರೀ ಕಲ್ಲು, ಸ್ಪಂಜಿನ ಹಾಗೆ ತೂತು ತೂತು. ಸೋಡಾ ಆ ಕಲ್ಲನ್ನ ಸ್ವಲ್ಪ ತಿನ್ನುತ್ತೆ. ಕಲ್ಲು ಸೋಡಾನ ಪೂರ್ತಿ ತಿನ್ನುತ್ತೆ. ಎರಡು ವರ್ಷದಲ್ಲಿ ಅದೂ ಕಲ್ಲು.” ಹಾಗೆಯೇ ಬರೆದುಕೊಟ್ಟೆ. ಕಂಪನಿಯವರು ‘ಸ್ವಲ್ಪ ತಿನ್ನುತ್ತೆ, ಪೂರ್ತಿ ತಿನ್ನುತ್ತೆ’ಯನ್ನು ತೆಗೆಸಿದರು. ಮಕ್ಕಳಿಗೆ ಬಾಯಲ್ಲಿ ಹೇಳುವಾಗ ಮಾತ್ರ ನಾನು ಅದನ್ನೇ ಹೇಳುತ್ತೇನೆ. ಕೊರೆದು ತೆಗೆದ ಕಲ್ಲಿನ ಒಂದು ತುಂಡು ನನ್ನ ಮೇಜಿನ ಮೇಲಿದೆ: ಕಪ್ಪು ಕಲ್ಲು, ಅದರ ತೂತುಗಳಲ್ಲೆಲ್ಲ ಬಿಳಿ. ಅಪ್ಪನ ಪ್ರಕಾರ ಕರೀ ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ, ‘ಅದೂ ಜಿಪುಣರ ಮನೇಲಿ’.

ನೀನೂ ಅಪ್ಪನ ಜೊತೆ ಆ ಮೊದಲ ಬೋರುಗಳ ಮೇಲೆ ದುಡಿದವನು. ನಿನಗೆ ನಾನು ಇದನ್ನೆಲ್ಲ ಹೇಳುತ್ತಿದ್ದೇನಲ್ಲ! ಆದರೂ ಹೇಳುತ್ತೇನೆ, ಯಾಕೆಂದರೆ ಈಚೆಗೆ ಡಾಕ್ಟರು ಹೇಳಿದ್ದನ್ನು ಕೇಳಿದ ಮೇಲೆ ಬೋರು, ಅಪ್ಪನ ಎದೆ, ಇವೆರಡೂ ನನ್ನ ತಲೆಯಲ್ಲಿ ಕಲಸಿಹೋಗಿವೆ.

ಅಪ್ಪನ ಎದೆ ಕೆಟ್ಟಿರುವುದು ನಿನಗೆ ಗೊತ್ತು. ತಂಬಾಕಿನ ಪೈಪಿನ ಹೊಗೆ, ಕಲ್ಲಿನ ದೂಳು, ಎರಡೂ ಸೇರಿ. ನಾನು ಇಷ್ಟು ದಿನ ಅಪ್ಪನಿಗೆ ಒಳ್ಳೆಯ ಗಾಳಿ ಒಳಗೆ ಹೋಗುವುದು ಸಾಲುತ್ತಿಲ್ಲ ಎಂದಷ್ಟೇ ತಿಳಿದಿದ್ದೆ. ಹಾಗಲ್ಲವಂತೆ. ಕೆಟ್ಟ ಗಾಳಿ ಹೊರಗೆ ಬರುತ್ತಿಲ್ಲ. ಇಂಗಾಲದ ಗಾಳಿ ರಕ್ತದಲ್ಲೇ ಉಳಿದುಬಿಡುತ್ತದೆ. ಡಾಕ್ಟರು ಇದನ್ನು ಹೇಳುವಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಅಪ್ಪ ಜೋರಾಗಿ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, “ಹಾಗಾದ್ರೆ ಕೊನೆಗೆ ನಾನೇ ಒಂದು ಬೋರ್ ಆದೆ. ಒಂದೇ ತೊಂದ್ರೆ. ನನ್ನೊಳಗೆ ಕರೀ ಕಲ್ಲಿಲ್ಲ, ಗಟ್ಟಿಯಾಗಲ್ಲ” ಎಂದ. ಡಾಕ್ಟರಿಗೂ ನಗು ಬಂತು. ನನಗೆ ಬರಲಿಲ್ಲ.

ಮಲಗುವಾಗ ಮುಖಕ್ಕೆ ಹಾಕಿಕೊಳ್ಳಲು ಒಂದು ಯಂತ್ರ ಕೊಟ್ಟಿದ್ದಾರೆ. ಅದು ಉಸಿರನ್ನು ಒಳಕ್ಕೆ ತಳ್ಳಿ, ಒಳಗಿನದನ್ನು ಹೊರಕ್ಕೆ ಬರಿಸುತ್ತದೆ. ಅಪ್ಪ ಹಾಕಿಕೊಳ್ಳುವುದಿಲ್ಲ. “ಜೀವನ ಪೂರ್ತಿ ನಾನು ಪಂಪು ಹೊಡೆದವನು, ನನಗೇ ಪಂಪು ಹೊಡೀತೀರಾ?” ಎಂದು ಪಟ್ಟಿ ಕಿತ್ತು ಎಸೆಯುತ್ತಾನೆ. ಮನೆಗೆ ಬರುವ ನರ್ಸ್ ದನೂತಾ, ಪೋಲೆಂಡಿನವಳು, ಅವನನ್ನು ಬೈಯುವ ಪರಿ ನೀನು ಕೇಳಬೇಕು. ಅವಳಿಗೆ ನಮ್ಮ ಭಾಷೆಯ ವಿಭಕ್ತಿಗಳು ಬರುವುದಿಲ್ಲ, ಬೈಗುಳಗಳು ಮಾತ್ರ ಎಲ್ಲಾ ಬರುತ್ತವೆ. ಒಂದು ದಿನ ಪಕ್ಕದ ಮನೆಯ ಗಿಸ್ಸುರ್, ತನ್ನ ಗಾಜಿನ ಮನೆಯ ಟೊಮೆಟೊ ತಂದುಕೊಟ್ಟವನು, ಅಪ್ಪ ಏದುಸಿರು ಬಿಡುವುದು ನೋಡಲಾರದೆ ಆಕ್ಸಿಜನ್ ಸಿಲಿಂಡರಿನ ತಿರುಪನ್ನು ಕನಿಕರದಿಂದ ಒಂದು ಸುತ್ತು ಜಾಸ್ತಿ ಮಾಡಿಬಿಟ್ಟ. ದನೂತಾ ಬಂದು ನೋಡಿ ಕಿರುಚಿದಳು. “ಏ ಟೊಮೆಟೊ! ಇದು ನಿನ್ನ ಗಿಡಕ್ಕೆ ನೀರಲ್ಲ! ಜಾಸ್ತಿ ಕೊಟ್ರೆ ಮುದುಕ ಉಸಿರಾಡೋದೇ ಮರೆತುಬಿಡ್ತಾನೆ!” ಗಿಸ್ಸುರ್ ಬಿಳಿಚಿಕೊಂಡು ಕೂತ. ಅಪ್ಪನಂಥ ರೋಗಿಗಳಿಗೆ ಹೆಚ್ಚು ಆಮ್ಲಜನಕವೂ ವಿಷವಂತೆ. ನಾವು ಪ್ರೀತಿಯಿಂದ ಹೆಚ್ಚೆಚ್ಚು ಕೊಡಲು ಹೋಗಬಾರದ ರೋಗ ಇದು.

ಈಗ ಸಭೆಯ ವಿಷಯಕ್ಕೆ ಬರುತ್ತೇನೆ. ನಿಜಕ್ಕೂ ನಾನು ಈ ಕಾಗದ ಹಿಡಿದು ಕೂತದ್ದು ಅದನ್ನು ನಿನಗೆ ಹೇಳಲಿಕ್ಕೇ.

ಊರಿನ ಅಂಚಿನಲ್ಲಿ, ಕುದುರೆ ಲಾಯಗಳ ಆಚೆ, ಹೊಸ ಬೋರುಗಳನ್ನು ಕೊರೆಯಬೇಕೆಂದಿದ್ದಾರೆ. ಈ ಸಲ ನಮ್ಮ ಬೆಟ್ಟದ ಗಾಳಿ ಮಾತ್ರವಲ್ಲ, ಹೊರದೇಶದ ಕಾರ್ಖಾನೆಗಳದ್ದೂ ಹಡಗಿನಲ್ಲಿ ಬರುತ್ತದಂತೆ. ಪುರಸಭೆ ಊರಿನವರನ್ನೆಲ್ಲ ಸಮುದಾಯ ಭವನಕ್ಕೆ ಕರೆಯಿತು. ಹದಿನೈದು ದಿನ ಮೊದಲೇ ಮನೆಮನೆಗೆ ಒಂದು ಕರಪತ್ರ ಹೋಯಿತು. ಅದನ್ನು ಬರೆದವಳು ನಾನು. ‘ಇಂಗಾಲದ ಗಾಳಿಯನ್ನು ಕಲ್ಲಿನಲ್ಲಿ ಶಾಶ್ವತವಾಗಿ ಕಾಪಿಡುವ ಯೋಜನೆ’ ಎಂದು ತಲೆಬರಹ ಕೊಟ್ಟಿದ್ದೆ. ಒಂದು ವಾರ ಯೋಚಿಸಿ ಆರಿಸಿದ ಪದ ‘ಕಾಪಿಡುವುದು’. ಒಳ್ಳೆಯ ಹಳೆಯ ಪದ. ನನಗೆ ಅದರ ಮೇಲೆ ಹೆಮ್ಮೆ ಇತ್ತು.

ಸಭೆಗೆ ಊರು ಊರೇ ಬಂದಿತ್ತು. ಫ್ಲಾಸ್ಕಿನ ಕಾಫಿ, ಕರಿದ ಕ್ಲೈನುರ್ ತಿಂಡಿ, ಮುಂದಿನ ಸಾಲಿನಲ್ಲಿ ಹೆಣಿಗೆ ಹಿಡಿದ ಹೆಂಗಸರು. ರೇಕ್ಯಾವಿಕ್‌ನಿಂದ ಬಂದ ಎಂಜಿನಿಯರ್ ಚಿತ್ರಗಳನ್ನು ತೋರಿಸಿದ: ಒತ್ತಡ, ಆಳ, ಅಂತರ್ಜಲ. ನಾನು ಗಮನಿಸಿದೆ, ಅರ್ಧ ಜನ ಚಿತ್ರ ನೋಡುತ್ತಿರಲಿಲ್ಲ, ನನ್ನ ಕರಪತ್ರವನ್ನು ಮಡಿಲಲ್ಲಿಟ್ಟುಕೊಂಡು ಪೆನ್ಸಿಲಿನಿಂದ ತಿದ್ದುತ್ತಿದ್ದರು. ನಮ್ಮ ಜನವನ್ನು ನಿನಗೆ ಹೇಳಬೇಕೇ? ಭೂಕಂಪವಾದರೂ ಅದರ ಸುದ್ದಿಯಲ್ಲಿ ವ್ಯಾಕರಣದ ತಪ್ಪು ಹುಡುಕುತ್ತಾರೆ.

ಎಂಜಿನಿಯರ್ ಕೂತ ಮೇಲೆ ನಮ್ಮ ಶಾಲೆಯಲ್ಲಿ ಅಪ್ಪನಿಗೂ ನಮಗೂ ಭಾಷೆ ಕಲಿಸಿದ್ದ ಹಾಲ್ಬೇರಾ ಎದ್ದು ನಿಂತರು. ಈಗ ಎಂಬತ್ತು ದಾಟಿದ್ದಾರೆ, ಆದರೆ ನಿಂತರೆ ಇಡೀ ಭವನ ನೆಟ್ಟಗೆ ಕೂರುತ್ತದೆ.

“ನನಗೆ ಗ್ಯಾಸಿನ ಬಗ್ಗೆ ಏನೂ ಕೇಳೋದಿಲ್ಲ” ಎಂದರು. “ಪದದ ಬಗ್ಗೆ ಕೇಳೋದಿದೆ. ಕಾಪಿಡೋದು ಅಂತ ಬರೆದಿದ್ದೀರಿ. ನಾನು ಆಲೂಗಡ್ಡೆ ಕಾಪಿಡ್ತೀನಿ, ಬೇಸಗೆಗೆ ಬಿತ್ತೋಕೆ. ನನ್ನ ಮದುವೆ ಉಡುಪು ಕಾಪಿಟ್ಟಿದ್ದೀನಿ, ಮೊಮ್ಮಗಳು ಉಡಲಿ ಅಂತ. ಮತ್ತೆ ತೆಗೆಯೋದಕ್ಕೇ ಅಲ್ವೇ ಕಾಪಿಡೋದು? ಇದನ್ನ ಯಾವಾಗ ತೆಗೀತೀರಿ?”

“ತೆಗೆಯೋದೇ ಇಲ್ಲ” ಎಂದ ಎಂಜಿನಿಯರ್. “ಅದು ಕಲ್ಲಾಗುತ್ತೆ.”

“ಹಾಗಾದ್ರೆ ಅದು ಕಾಪಿಡೋದಲ್ಲಪ್ಪ. ಹೂಳೋದು. ಹೂಳೋದನ್ನ ಕಾಪಿಡೋದು ಅಂತ ಬರೆಯೋರು ಇನ್ನೇನೇನು ಬದಲಾಯಿಸಿ ಬರೆದಿದ್ದೀರೋ ನಂಗೇನು ಗೊತ್ತು?”

ಶುರುವಾಯಿತು ನೋಡು. ಒಬ್ಬ, “ಹೂಳೋಕೆ ಅದು ಸತ್ತಿರಬೇಕಲ್ಲ?” ಎಂದ. ಇನ್ನೊಬ್ಬಳು ಹೆಣಿಗೆ ಕಡ್ಡಿ ಎತ್ತಿ, “ಈ ನಾಡಲ್ಲಿ ಹೂತದ್ದೆಲ್ಲ ಮಲಗಿಕೊಂಡೇ ಇದೆಯಾ? ನಮ್ಮಜ್ಜಿ ಕಂಡ ದೆವ್ವಗಳನ್ನ ಕೇಳು” ಎಂದಳು. ‘ಇಳಿಸುವುದು’, ‘ಮುಗಿಸುವುದು’, ‘ಕಲ್ಲುಗೂಡಿಸುವುದು’, ಪ್ರತಿ ಸಾಲಿನಿಂದ ಒಂದೊಂದು ಪದ ಎದ್ದು ನಿಂತಿತು. ಹಡಗಿನಲ್ಲಿ ಬರುವ ಗಾಳಿಯ ಬಗ್ಗೆ ಯಾರೂ ಕೇಳಲಿಲ್ಲ. ನಾನು ಹಿಂದಿನ ಕಂಬಕ್ಕೆ ಒರಗಿ, ಆ ಕಂಬದೊಳಗೇ ಸೇರಿಹೋದರೆ ಎಷ್ಟು ಚೆನ್ನ ಎಂದುಕೊಳ್ಳುತ್ತಿದ್ದೆ.

ಆಗ ಅಪ್ಪ ಮಾತಾಡಿದ. ಬರಬೇಡ ಎಂದರೂ ಹಟ ಹಿಡಿದು ಬಂದಿದ್ದ. ಪಕ್ಕದಲ್ಲಿ ಗಾಲಿಯ ಮೇಲೆ ಸಿಲಿಂಡರು, ಮೂಗಿಗೆ ಕೊಳವೆ. ಕೂತಲ್ಲಿಂದಲೇ, ನಾಲ್ಕು ಪದಕ್ಕೊಮ್ಮೆ ಉಸಿರು ತೆಗೆದುಕೊಂಡು ಹೇಳಿದ: “ಹಾಲ್ಬೇರಾ, ನೀನೇ ಕಲಿಸಿದ್ದು. ಗೋರಿ ಕಲ್ಲಿನ ಮೇಲೆ ಏನು ಬರೀತೀವಿ? ‘ದೇವರು ನಿನ್ನನ್ನ ಕಾಪಿಡಲಿ.’ ಬರೀತೀವಲ್ಲ? ಕಾಪಿಟ್ಟದ್ದನ್ನ ಯಾರು ಹೋಗಿ ವಾಪಸ್ ಕೇಳಿದ್ದಾರೆ?”

ಚಪ್ಪಾಳೆ ಬೀಳುವುದರಲ್ಲಿತ್ತು. ಹಾಲ್ಬೇರಾ ಅಪ್ಪನನ್ನೇ ನೋಡುತ್ತಾ ನಿಂತಿದ್ದರು.

“ನಾನು ಕೇಳ್ತೀನಿ, ತೋರ್ಗಿಲ್ಸ್” ಎಂದರು. “ದಿನಾ ಕೇಳ್ತೀನಿ.”

ಅವರ ಯಜಮಾನರು ಹೋದದ್ದು ಕಳೆದ ಈಸ್ಟರಿಗೆ. ಭವನದಲ್ಲಿ ಕಾಫಿ ಬಟ್ಟಲು ಕೆಳಗಿಡುವ ಸದ್ದೂ ಇಲ್ಲ. ಅಪ್ಪನ ಮುಖ ಕೆಂಪಾಯಿತು. ಆ ಮೌನವನ್ನು ಹೇಗಾದರೂ ಮುರಿಯಬೇಕು ಎಂದು ನಮ್ಮ ಗಿಸ್ಸುರ್‌ಗೆ ಅನ್ನಿಸಿರಬೇಕು. ಕೆಟ್ಟ ಮನುಷ್ಯನಲ್ಲ ಅವನು, ನಿನಗೆ ಗೊತ್ತು. ಎದ್ದು ಹೇಳಿದ: “ಪದ ಯಾವುದಾದರೇನು ಬಿಡಿ, ತೋರ್ಗಿಲ್ಸ್ ಮನೆಗೆ ಕೆಲಸ ತಪ್ಪಲ್ಲ. ಮಗ ನಾರ್ವೇಲಿ ಎರಡು ಕೈಲಿ ಎಣ್ಣೆ ಮೇಲೆತ್ತುತ್ತಾನೆ, ಅಪ್ಪ ಇಲ್ಲಿ ಒಂದು ಕೈಲಿ ಅದರ ಹೊಗೇನ ಕೆಳಕ್ಕೆ ತುರುಕ್ತಾನೆ!”

ಭವನ ಬಿದ್ದು ಬಿದ್ದು ನಕ್ಕಿತು. ನಗಲು ಕಾದು ಕೂತಿದ್ದವರು.

ಅಣ್ಣ, ಅದು ಅಪ್ಪನದೇ ಮಾತು, ನಿನಗೆ ನೆನಪಿದೆ. ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ, ಆ ಕ್ರಿಸ್‌ಮಸ್ ರಜೆಯಲ್ಲಿ. ನೀನು ಎಣ್ಣೆ ಬಾವಿಯ ಕೆಲಸಕ್ಕೆ ಸೇರಿ ಮೊದಲ ಸಲ ಮನೆಗೆ ಬಂದಿದ್ದೆ. ಊರಿನ ಗಂಡಸರೆಲ್ಲ ಕುತ್ತಿಗೆವರೆಗೆ ನೀರಿನಲ್ಲಿ ಕೂತಿದ್ದರು. ನಾನು ಪಕ್ಕದ ತೊಟ್ಟಿಯಲ್ಲಿ, ಎಂದಿನಂತೆ ಕಿವಿ ಮಾತ್ರ ಹೊರಗಿಟ್ಟುಕೊಂಡು. ಅಪ್ಪ ಆ ಮಾತಾಡಿದ, ಎಲ್ಲರೂ ನಕ್ಕರು, ನೀನೂ ಸ್ವಲ್ಪ ನಕ್ಕೆ. ನಗು ಬಂದದ್ದೇ ಅಪ್ಪನಿಗೆ ಹುರುಪು ಬಂತು. “ಇವನು ಮಾಡೋ ಗಲೀಜು ತೊಳೆಯೋಕೆ ನಾನು ಇನ್ನೊಂದು ಜನ್ಮ ಹುಟ್ಟಿ ಬರಬೇಕು” ಎಂದ. ನೀನು ಎದ್ದೆ. ಟವೆಲನ್ನೂ ತೆಗೆದುಕೊಳ್ಳದೆ ಹಿಮದ ಮೇಲೆ ಬರಿಗಾಲಲ್ಲಿ ನಡೆದು ಹೋದೆ. ಮರುದಿನದ ವಿಮಾನಕ್ಕೆ ಹೊರಟವನು ಇನ್ನೂ ಬಂದಿಲ್ಲ. ಅಪ್ಪ ಅದರ ಬಗ್ಗೆ ಮಾತೆತ್ತಲಿಲ್ಲ. ನೀನೂ ಎತ್ತಲಿಲ್ಲ. ಬೋರಿನ ಬಾಯಿಗೆ ಮುಚ್ಚಳ ಹಾಕಿ ತಿರುಪು ಬಿಗಿಯುವ ಹಾಗೆ ನೀವಿಬ್ಬರೂ ಬಿಗಿದುಬಿಟ್ಟಿರಿ. ಇಬ್ಬರೂ ಒಂದೇ ಕಸುಬಿನವರಲ್ಲವೇ.

ಆ ಮಾತು ಈಗ ಅವನ ಮೇಲೇ ಬಂದು ಬಿತ್ತು. ಊರೆಲ್ಲ ನಗುತ್ತಿತ್ತು. ಅಪ್ಪ ನಗಲಿಲ್ಲ. ಕುರ್ಚಿಯ ತೋಳು ಹಿಡಿದು ಎದ್ದು ನಿಂತ. ನಾನು ಮುಂದೆ ಓಡಿದೆ. ಅವನು ನನ್ನನ್ನು ಬದಿಗೆ ಸರಿಸಿ, “ಗಿಸ್ಸುರ್” ಎಂದ. ಉಸಿರು ಸಿಗಲು ಕಾದ. ಎಲ್ಲರೂ ಕಾದರು. “ಗಿಸ್ಸುರ್. ಕೇತಿಲ್... ನನಗಿಂತ ಒಳ್ಳೆಯ ಕೊರೆಯೋನು. ಬೋರಿನ ಸದ್ದು ಕೇಳಿಯೇ ಕೆಳಗಿರೋ ಕಲ್ಲು ಯಾವುದು ಅಂತ ಹೇಳ್ತಿದ್ದ. ಇಪ್ಪತ್ತರ ವಯಸ್ಸಿಗೇ. ನನಗೆ ನಲವತ್ತಾದ್ರೂ ಬಂದಿರಲಿಲ್ಲ.”

ಅಷ್ಟೇ. ಮುಂದೆ ಉಸಿರು ಸಿಗಲಿಲ್ಲ. ದನೂತಾ ಮತ್ತು ನಾನು ಅವನನ್ನು ಹೊರಗೆ ಕರೆದುಕೊಂಡು ಬಂದೆವು. ಬಾಗಿಲ ಹತ್ತಿರ ಹಾಲ್ಬೇರಾ ಅವನ ಕೋಟಿನ ಗುಂಡಿ ಹಾಕಿದರು, ಶಾಲೆ ಬಿಟ್ಟಾಗ ಚಿಕ್ಕ ಮಕ್ಕಳಿಗೆ ಹಾಕುತ್ತಿದ್ದ ಹಾಗೆ. ಕಾರಿನಲ್ಲಿ ಕೂತ ಮೇಲೆ ಅಪ್ಪ ಕೇಳಿದ: “ನಾನು ಆ ಮುದುಕಿಗೆ ನೋವು ಮಾಡಿದೆನೇನೇ?” “ಹೂಂ” ಎಂದೆ. “ನಾನು ಗೆಲ್ಲೋಕೆ ಅಂದೆ” ಎಂದ.

ಸಭೆಯ ತೀರ್ಮಾನ ಕೇಳಿದರೆ ನೀನು ನಂಬುವುದಿಲ್ಲ. ಬೋರು ಬೇಕೋ ಬೇಡವೋ ಎಂದು ತೀರ್ಮಾನವಾಗಲಿಲ್ಲ. ‘ಸರಿಯಾದ ಪದ ಸಿಗುವವರೆಗೆ ಸಭೆಯನ್ನು ಮುಂದೂಡಲಾಗಿದೆ’ ಎಂದು ಪುರಸಭೆ ಬರೆದುಕೊಂಡಿತು. ಎಂಜಿನಿಯರಿಗೆ ತಲೆ ಕೆಟ್ಟು ಹೋಗಿದೆ. ಪದ ಹುಡುಕುವ ಕೆಲಸ ನನ್ನ ತಲೆಗೆ ಬಂದಿದೆ. ಮುಂದಿನ ಸಭೆ ನವೆಂಬರಿನಲ್ಲಿ. ಕೆಳಗೆ ಕಳಿಸಿದ್ದು ಮರಳಿ ಬಾರದಿರಬೇಕು, ಆದರೆ ಸತ್ತದ್ದೂ ಅಲ್ಲ, ಬಿಸಾಡಿದ್ದೂ ಅಲ್ಲ, ಬಚ್ಚಿಟ್ಟದ್ದೂ ಅಲ್ಲ. ಅದಕ್ಕೆ ಒಂದು ಪದ. ಹಾಲ್ಬೇರಾರ ಮನೆಗೆ ಹೋಗಿ ಕೇಳಿದೆ. ಅವರು ಕಾಫಿ ಕೊಟ್ಟು, “ನೀನೇ ಹುಡುಕು. ನಿನಗೆ ಅಂಕ ಕೊಡೋದು ಮಾತ್ರ ನನ್ನ ಕೆಲಸ” ಎಂದರು. ಹೊರಡುವಾಗ, “ನಿಮ್ಮಪ್ಪನ ಮೇಲೆ ನಂಗೆ ಸಿಟ್ಟಿಲ್ಲ ಅಂತ ಹೇಳು. ಅವನು ಮೂರನೇ ತರಗತೀಲೂ ಹಾಗೇ ಇದ್ದ. ಮೊದಲು ಬಾಯಿ, ಆಮೇಲೆ ಕಣ್ಣು” ಎಂದರು. ಅಪ್ಪನಿಗೆ ಹೇಳಿದೆ. ಮರುದಿನ ಗಿಸ್ಸುರ್ ಕೈಯಲ್ಲಿ ಅವರಿಗೆ ಟೊಮೆಟೊ ಕಳಿಸಿದ. ಗಿಸ್ಸುರ್‌ನದೇ ಟೊಮೆಟೊ!

ಹೀಗೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಅಪ್ಪ ನಿನ್ನ ಹೆಸರನ್ನು ಬಾಯಿಬಿಟ್ಟು ಹೇಳಿದ. ಊರಿನ ಮುಂದೆ ಹೇಳಿದ. ನಿನ್ನನ್ನು ಊರಿನ ಮುಂದೆಯೇ ಅಲ್ಲವೇ ನೋಯಿಸಿದ್ದು, ಆ ಲೆಕ್ಕ ಅವನಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ನಿನ್ನ ಹೆಸರು ಹೇಳುವುದಕ್ಕೆ ಅವನು ನನ್ನನ್ನೂ ಬದಿಗೆ ಸರಿಸಿದ, ಅದನ್ನು ಮಾತ್ರ ಹೇಳಬಲ್ಲೆ. ಅದನ್ನು ಮೆಸೇಜಿನಲ್ಲಿ ಹೇಳಲು ಆಗಲಿಲ್ಲ.

ನೀನು ಬಂದರೆ ಅವನು ಕ್ಷಮೆ ಕೇಳುತ್ತಾನೆ ಎಂದು ನಾನು ಮಾತು ಕೊಡುವುದಿಲ್ಲ. ಬಂದ ತಕ್ಷಣ, “ನಾರ್ವೇಲಿ ಸೋಪು ಸಿಗಲ್ವಾ?” ಎಂದಾನು. ಅದನ್ನೂ ಸಹಿಸಿಕೊ. ಮಧ್ಯಾಹ್ನದಿಂದ ಸಂಜೆಯವರೆಗೆ ಅವನು ಅವನೇ. ಆ ಹೊತ್ತಿನಲ್ಲಿ ಅವನ ಹತ್ತಿರ ಕೂತುಕೋ. ಮಾತಾಡದಿದ್ದರೂ ಪರವಾಗಿಲ್ಲ. ಅಪ್ಪ ಈ ಚಳಿಗಾಲ ದಾಟುವುದನ್ನು ಡಾಕ್ಟರು ಲೆಕ್ಕಕ್ಕೆ ಹಿಡಿಯುತ್ತಿಲ್ಲ. ನನಗೆ ನೇರವಾಗಿ ಹಾಗೆ ಹೇಳಲಿಲ್ಲ, ವಸಂತದ ಮಾತು ನಾನು ಎತ್ತಿದಾಗಲೆಲ್ಲ ಬೇರೇನಾದರೂ ಹೇಳುತ್ತಾರೆ.

ಏನೂ ತರಬೇಡ. ನಿನ್ನ ಕೋಣೆಯಲ್ಲಿ ನನ್ನ ಪುಸ್ತಕಗಳಿವೆ, ತೆಗೆದು ಹಾಸಿಗೆ ಹಾಸುತ್ತೇನೆ. ನಿನ್ನ ದಾರಿ ನಿರಾಳವಾಗಿರಲಿ, ನೀನು ಹತ್ತುವ ವಿಮಾನಕ್ಕೆ ಬಿರುಗಾಳಿ ಅಡ್ಡ ಬಾರದಿರಲಿ, ಕಡಲು ನಿನ್ನನ್ನು ಬಿಟ್ಟುಕೊಡಲಿ.

ನಿನ್ನ ತಂಗಿ,
ಸಾಲ್ವೋರ್

ಮತ್ತೆ ಬರೆದದ್ದು:

ಲಕೋಟೆ ಅಂಟಿಸಿದ್ದೆ. ಮತ್ತೆ ಬಿಡಿಸಿದೆ. ಅಪ್ಪ ಸಭೆಯಲ್ಲಿ ಮೊದಲ ಸಲ ನಿನ್ನ ಹೆಸರು ಹೇಳಿದ ಎಂದು ಬರೆದೆನಲ್ಲ, ಅದು ನಿಜವಲ್ಲ. ಬೆಳಗ್ಗೆ ಹೊತ್ತು ಅವನು ನಿನ್ನ ಹೆಸರನ್ನು ದಿನಾ ಹೇಳುತ್ತಾನೆ.

ಮಲಗಿದಾಗ ಆ ಗಾಳಿ ರಕ್ತದಲ್ಲಿ ಕೂಡಿಕೊಂಡು ಬೆಳಗಿನ ಹೊತ್ತಿಗೆ ತಲೆ ಮಂಕಾಗುತ್ತದೆ. ಕಣ್ಣು ಅರ್ಧ ತೆರೆದಿರುತ್ತದೆ, ತಾನು ಎಲ್ಲಿದ್ದೇನೆ ತಿಳಿಯುವುದಿಲ್ಲ. ನಾನು ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತೇನೆ. ನನ್ನನ್ನು ನೋಡಿ, “ಕೇತಿಲ್, ಬಂದ್ಯಾ?” ಅನ್ನುತ್ತಾನೆ. ಮೊದಲ ಸಲ, “ನಾನಪ್ಪ, ಸಾಲ್ವೋರ್” ಎಂದೆ. ಅವನ ಮುಖ ನೋಡಲಾಗಲಿಲ್ಲ ಅಣ್ಣ. ಅಂಗಡಿ ಮುಚ್ಚಿದೆ ಎಂದು ಹೇಳಿದಾಗ ಮಕ್ಕಳ ಮುಖ ಆಗುತ್ತದಲ್ಲ, ಹಾಗೆ. ಅದಾದ ಮೇಲೆ ನಾನು ನನ್ನ ಹೆಸರು ಹೇಳಲಿಲ್ಲ. ದನಿ ತಗ್ಗಿಸಿ “ಹೂಂ” ಎಂದೆ.

“ಯಾಕೋ ಎದ್ದು ಹೋದೆ? ನಾನು ನಗಿಸೋಕೆ ಅಂದದ್ದು ಕಣೋ. ನಾಲ್ಕು ಜನ ಕೂತಿದ್ರು. ನನಗೆ ಬರೋದು ಅದೊಂದೇ, ನಾಲ್ಕು ಜನ ನಗೋ ಹಾಗೆ ಮಾತಾಡೋದು. ನಿನ್ನ ನೋಡಿ ನನಗೆ ಎಷ್ಟು ಖುಷಿ ಆಗಿತ್ತು, ಅದನ್ನ ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ. ಸಿಟ್ಟಿದೆಯೇನೋ?”

“ಇಲ್ಲಪ್ಪ” ಎಂದೆ. “ಸಿಟ್ಟಿಲ್ಲ.”

ನೀನು ಕೊಡದ ಕ್ಷಮೆಯನ್ನು ನಾನು ನಿನ್ನ ಹೆಸರಿನಲ್ಲಿ ಕೊಟ್ಟುಬಿಟ್ಟೆ. ಅವನಿಗೆ ಎಷ್ಟು ನಿರಾಳವಾಗುತ್ತದೆ ಎಂದರೆ ಮತ್ತೆ ನಿದ್ದೆ ಹೋಗುತ್ತಾನೆ. ಮಧ್ಯಾಹ್ನಕ್ಕೆ ಒಂದೂ ನೆನಪಿರುವುದಿಲ್ಲ. ಮರುದಿನ ಬೆಳಗ್ಗೆ ಮತ್ತೆ ಕೇಳುತ್ತಾನೆ, ನಾನು ಮತ್ತೆ ಕೊಡುತ್ತೇನೆ.

ಮೊನ್ನೆ ನಾನು ನಿನ್ನ ದನಿಯಲ್ಲೇ ಕೇಳಿದೆ: “ಸಾಲ್ವೋರ್ ಎಲ್ಲಪ್ಪ?”

“ಅವಳಾ?” ಎಂದ. “ಇಲ್ಲೇ ಎಲ್ಲೋ ಇರ್ತಾಳೆ. ಅವಳಿಗೇನೋ, ಅವಳು ಯಾವಾಗ್ಲೂ ಇರ್ತಾಳೆ.”

ಅವನು ಅದನ್ನು ನೋಯಿಸಲು ಹೇಳಲಿಲ್ಲ. ನಗಿಸಲೂ ಅಲ್ಲ. ಗೋಡೆ ಇದೆ, ಕಿಟಕಿ ಇದೆ ಎನ್ನುವ ಹಾಗೆ ಹೇಳಿದ. ನಾನು ಅವನ ಹೊದಿಕೆ ಸರಿಮಾಡಿದೆ.

ಬೇಗ ಬಾ. ನಿನಗೆ ಸಿಟ್ಟಿದ್ದರೆ ಸಿಟ್ಟನ್ನೇ ತೆಗೆದುಕೊಂಡು ಬಾ, ಅದು ನಿನ್ನದು, ನಾನು ಇಲ್ಲ ಎಂದು ಹೇಳಿದ್ದು ತಪ್ಪೋ ಏನೋ. ಬೆಳಗ್ಗೆ ಆ ಕುರ್ಚಿಯಲ್ಲಿ ನೀನು ಕೂರು. ನಾನು ಕಾಫಿ ಹಿಡಿದು ಬಾಗಿಲಿನಿಂದ ಒಳಗೆ ಬರುತ್ತೇನೆ. ನಿನ್ನನ್ನು ಪಕ್ಕದಲ್ಲಿ ಇಟ್ಟುಕೊಂಡು ಅಪ್ಪ ನನ್ನನ್ನು ನೋಡಿದಾಗ ಯಾರೆಂದು ಕರೆಯುತ್ತಾನೋ, ಒಂದು ಸಲ ಕೇಳಬೇಕು.